ವರ್ತಕನಾದ ಸುಲ್ತಾನ: ಟಿಪ್ಪು ಮತ್ತು ನಮ್ಮ ಕರಾವಳಿಯ ಕಾಳುಮೆಣಸು

ಟಿಪ್ಪು ಸುಲ್ತಾನರ ಹೆಸರು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಹುಲಿ, ಖಡ್ಗ, ರಾಕೆಟ್ಟು, ಶ್ರೀರಂಗಪಟ್ಟಣದ ಕೋಟೆ. ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ನಮ್ಮ ಮಕ್ಕಳು ಹೇಳುವುದೂ ಇವನ್ನೇ. ಆದರೆ ಆ ಸುಲ್ತಾನರು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು, ಮಸ್ಕತ್‌ನಲ್ಲಿ ಇಂದು ಮೆಣಸಿಗೆ ಎಷ್ಟು ಬೆಲೆ, ಗಂಧವನ್ನು ಈಗ ಮಾರಬೇಕೋ ಇನ್ನಷ್ಟು ತಿಂಗಳು ಕಾಯಬೇಕೋ ಎಂದು ಯೋಚಿಸುತ್ತಿದ್ದ ದೃಶ್ಯವನ್ನು ನೀವು ಎಂದಾದರೂ ಕಲ್ಪಿಸಿಕೊಂಡಿದ್ದೀರಾ? ಈ ವರ್ಷದ ಸಂಚಿಕೆಗೆ ನಾನು ಆರಿಸಿಕೊಂಡದ್ದು ಆ ಟಿಪ್ಪುವನ್ನು. ಕಾರಣವಿದೆ. ಅವರ ವ್ಯಾಪಾರದ ಕಥೆಯಲ್ಲಿ ನಮ್ಮ ಕಾರವಾರ, ಸದಾಶಿವಗಡ, ಅಂಕೋಲಾ, ತದಡಿಗಳು ಪಾಲುದಾರರು. ಆ ಪಾಲಿನಲ್ಲಿ ಲಾಭವೂ ಇದೆ, ನಷ್ಟವೂ ಇದೆ.

ಕಥೆಗೆ ಮೊದಲು ಒಂದು ಸಣ್ಣ ಪಾಠ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಕಾರವಾರದ ಮೀನು ಮಾರುಕಟ್ಟೆಗೆ ಹೋಗಿ ಬಂಗಡೆಯ ಬೆಲೆ ಕೇಳಿ ನೋಡಿ. ಅದೇ ಬಂಗಡೆ, ಬಲೆ ತುಂಬಿ ಬಂದ ಸೆಪ್ಟೆಂಬರ್ ದಿನವೊಂದರ ಸಂಜೆ ಎಷ್ಟಕ್ಕೆ ಸಿಗುತ್ತದೆ ಎಂಬುದನ್ನೂ ನೋಡಿ. ಮೀನು ಬದಲಾಗಿಲ್ಲ, ತಿನ್ನುವ ನಾವೂ ಬದಲಾಗಿಲ್ಲ. ಬಂದ ಮೀನೆಷ್ಟು, ಬೇಕೆನ್ನುವವರೆಷ್ಟು ಎಂಬ ಎರಡು ಸಂಗತಿಗಳ ನಡುವೆ ಬೆಲೆ ತೂಗುಯ್ಯಾಲೆ ಆಡುತ್ತದೆ. ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣೂ ಹಾಗೆಯೇ. ಮೊದಲ ಬುಟ್ಟಿ ಪೇಟೆಗೆ ಬಂದ ದಿನದ ಬೆಲೆ ಬೇರೆ, ಮಳೆ ಹತ್ತಿರವಾಗಿ ಹಾಲಕ್ಕಿ ಹೆಂಗಸರು ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗಲು ಅವಸರಪಡುವ ದಿನದ ಬೆಲೆ ಬೇರೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಪೂರೈಕೆ ಮತ್ತು ಬೇಡಿಕೆ ಎಂದು ಹೆಸರು. ಈಗ ಒಂದು ಪ್ರಶ್ನೆ. ಇಡೀ ಮಾರುಕಟ್ಟೆಯಲ್ಲಿ ಕೊಳ್ಳುವವನು ಒಬ್ಬನೇ ಇದ್ದರೆ? ಅಥವಾ ಮಾರುವವನು ಒಬ್ಬನೇ ಇದ್ದರೆ? ಆಗ ಬೆಲೆ ಯಾರು ಹೇಳಿದಂತೆ ಕೇಳುತ್ತದೆ? ಈ ಪ್ರಶ್ನೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಟಿಪ್ಪು ಅವರ ವ್ಯಾಪಾರ ನೀತಿಯ ಬೀಗದ ಕೈ ಅದೇ.

ಟಿಪ್ಪು ಹುಟ್ಟಿದ್ದು ಸುಮಾರು 1750ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಾತಿಮಾ ಫಖ್ರುನ್ನಿಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಓದು ಬರಹ ಬಾರದ ತಂದೆ ಮಗನಿಗೆ ಒಳ್ಳೆಯ ಉಸ್ತಾದರನ್ನು ನೇಮಿಸಿದರು. ಕುರ್‌ಆನ್, ಫಾರಸಿ, ಅರಬ್ಬಿ, ಕುದುರೆ ಸವಾರಿ, ಯುದ್ಧವಿದ್ಯೆ ಎಲ್ಲವೂ ಆಯಿತು. ಮುಂದೆ ಅವರ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಗ್ರಂಥಗಳಿದ್ದವು. ಹದಿಹರೆಯದಲ್ಲೇ ತಂದೆಯ ಜೊತೆ ರಣರಂಗಕ್ಕೆ ಇಳಿದರು. ಈ ಭಾಗವೆಲ್ಲ ನಿಮಗೆ ಗೊತ್ತಿರುವುದೇ, ಆದ್ದರಿಂದ ನಾನು ಬೇಗನೆ ಕರಾವಳಿಗೆ ಬರುತ್ತೇನೆ.

ಟಿಪ್ಪು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, 1638ರಲ್ಲೇ, ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದಿದ್ದರು. ಅವರನ್ನು ಇಲ್ಲಿಗೆ ಎಳೆದು ತಂದದ್ದು ಘಟ್ಟದ ಕಾಳುಮೆಣಸು ಮತ್ತು ಒಳನಾಡಿನ ನಯವಾದ ಮಸ್ಲಿನ್ ಬಟ್ಟೆ. ಸೋದೆಯ ಅರಸರ ನಾಡಿನಿಂದ ಎತ್ತಿನ ಹೇರುಗಳಲ್ಲಿ ಇಳಿದು ಬಂದ ಮೆಣಸು ಕಾಳಿ ನದಿಯ ಅಳಿವೆಯಲ್ಲಿ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಪಕ್ಕದ ಗೋವೆಯಲ್ಲೇ ಇದ್ದರು, ಡಚ್ಚರು ದಕ್ಷಿಣದಲ್ಲಿದ್ದರು, ಅರಬ್ಬರು ಇವರೆಲ್ಲರಿಗಿಂತ ಎಷ್ಟೋ ಶತಮಾನ ಮೊದಲೇ ಈ ದಾರಿ ಬಲ್ಲವರು. ಕೊಳ್ಳುವವರು ಹಲವರಿದ್ದರೆ ಬೆಳೆಗಾರನಿಗೆ ಒಳ್ಳೆಯದು, ಅಲ್ಲವೇ? ಒಬ್ಬ ಕಡಿಮೆ ಕೇಳಿದರೆ ಇನ್ನೊಬ್ಬನ ಬಾಗಿಲು ತಟ್ಟಬಹುದು. ಯುರೋಪಿನ ಕಂಪನಿಗಳಿಗೆ ಇದೇ ಬೇಡವಾಗಿತ್ತು. ಅವರು ಸಣ್ಣ ಪುಟ್ಟ ಅರಸರ ಬಳಿ ಹೋಗಿ, ನಿಮ್ಮ ನಾಡಿನ ಮೆಣಸನ್ನು ನಮಗೆ ಮಾತ್ರ ಕೊಡಬೇಕು ಎಂಬ ಕರಾರು ಬರೆಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ತನ್ನ ದೇಶದಲ್ಲೂ ಅದೇ ಬಗೆಯ ಸನ್ನದು ಇತ್ತು. ಪೂರ್ವ ದೇಶಗಳ ವ್ಯಾಪಾರವನ್ನು ಬೇರೆ ಯಾವ ಇಂಗ್ಲಿಷ್ ವರ್ತಕನೂ ಮಾಡುವಂತಿರಲಿಲ್ಲ. ಹೀಗಾಗಿ, ಕಂಪನಿಯವರು ಮುಕ್ತ ವ್ಯಾಪಾರದ ಪ್ರತಿನಿಧಿಗಳು, ಟಿಪ್ಪು ಅದರ ವಿರೋಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಳ್ಳುವ ಕಡೆಯಲ್ಲೂ ತಾನೊಬ್ಬನೇ, ಮಾರುವ ಕಡೆಯಲ್ಲೂ ತಾನೊಬ್ಬನೇ ಆಗಬೇಕೆಂದು ಹೊರಟ ಸಂಸ್ಥೆ ಅದು. ಅದರ ಬಗ್ಗೆ ಕಟುವಾಗಿ ಬರೆದವರಲ್ಲಿ ಆಡಂ ಸ್ಮಿತ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನೇ ಪ್ರಮುಖ. ಬಂಡವಾಳ ಪದ್ಧತಿಯ ಪಿತಾಮಹನೆಂದು ಇಂದು ಕರೆಯಲಾಗುವ ಅವನ ಗ್ರಂಥ 1776ರಲ್ಲಿ ಪ್ರಕಟವಾದಾಗ ಟಿಪ್ಪು ಇಪ್ಪತ್ತೈದರ ಆಸುಪಾಸಿನ ಯುವಕ.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದರು. ಅದರ ಬೆನ್ನಿಗೇ ಸೋದೆಯ ರಾಜ್ಯವೂ ಅವರ ವಶವಾಯಿತು, ಸೋದೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಮಂಗಳೂರಿನಿಂದ ಸದಾಶಿವಗಡದವರೆಗಿನ ಕರಾವಳಿ ಒಂದೇ ಆಡಳಿತಕ್ಕೆ ಬಂತು. ಒಳನಾಡಿನ ಮೈಸೂರಿಗೆ ಮೊದಲ ಬಾರಿಗೆ ಸಮುದ್ರದ ಬಾಗಿಲು ತೆರೆಯಿತು. 1782ರ ಡಿಸೆಂಬರ್‌ನಲ್ಲಿ ತಂದೆ ತೀರಿಕೊಂಡಾಗ ಟಿಪ್ಪುವಿಗೆ ಸಿಂಹಾಸನದ ಜೊತೆ ನಡೆಯುತ್ತಿದ್ದ ಯುದ್ಧವೂ ಬಂತು. ಮರುವರ್ಷವೇ ಬೊಂಬಾಯಿಯಿಂದ ಬಂದ ಜನರಲ್ ಮ್ಯಾಥ್ಯೂಸ್‌ನ ಸೈನ್ಯ ಈ ಕರಾವಳಿಯಲ್ಲಿ ಇಳಿದು ಹೊನ್ನಾವರವನ್ನು ಹಿಡಿಯಿತು, ಸದಾಶಿವಗಡದಲ್ಲಿ ಕಾವಲು ಪಡೆ ಇಟ್ಟಿತು, ಘಟ್ಟ ಹತ್ತಿ ಬಿದನೂರಿಗೂ ಹೋಯಿತು. ಟಿಪ್ಪು ಅದನ್ನೆಲ್ಲ ಮರಳಿ ಪಡೆದರು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಈ ಯುದ್ಧ ಅವರಿಗೆ ಒಂದು ವಿಷಯ ಕಲಿಸಿತು. ಕಂಪನಿಯ ತೋಪುಗಳನ್ನು ಎಳೆಯುವುದು ಕಂಪನಿಯ ಲಾಭ. ಆ ಲಾಭ ಬರುವುದು ನಮ್ಮದೇ ಘಟ್ಟದ ಮೆಣಸು, ಗಂಧ, ಏಲಕ್ಕಿಗಳಿಂದ. ವ್ಯಾಪಾರಿಯಾಗಿ ಬಂದವನು ಅರಸನಾಗಬಹುದಾದರೆ, ಅರಸನಾದವನು ವ್ಯಾಪಾರಿಯಾಗಬಾರದೇಕೆ?

ಹೀಗೆ ಆರಂಭವಾಯಿತು ಆ ಕಾಲದ ಭಾರತದಲ್ಲಿ ಬೇರಾವ ಅರಸರೂ ಅಷ್ಟು ವಿಸ್ತಾರವಾಗಿ ಮಾಡದ ಪ್ರಯೋಗ. ಮೆಣಸು, ಶ್ರೀಗಂಧ, ಏಲಕ್ಕಿಗಳ ವ್ಯಾಪಾರವನ್ನು ಸರಕಾರವೇ ಕೈಗೆ ತೆಗೆದುಕೊಂಡಿತು. ಬೆಳೆದವನು ಸರಕಾರಿ ಕೋಠಿಗೇ ಮಾರಬೇಕು, ಹೊರಗಿನವನು ಸರಕಾರಿ ಕೋಠಿಯಿಂದಲೇ ಕೊಳ್ಳಬೇಕು. ಇದನ್ನು ನೋಡಿಕೊಳ್ಳಲು ಮಲಿಕ್-ಉತ್-ತುಜ್ಜಾರ್ ಎಂಬ ಅಧಿಕಾರಿಗಳ ಮಂಡಳಿ ಬಂತು. ಹಾಗೆಂದರೆ ವರ್ತಕರ ಒಡೆಯ ಎಂದರ್ಥ. 1793–94ರ ವ್ಯಾಪಾರ ನಿಯಮಾವಳಿಯಲ್ಲಿ ರಾಜ್ಯದ ಒಳಗೆ 30, ಹೊರಗೆ 17 ಕೋಠಿಗಳ ಯೋಜನೆ ಇದೆ. ಹೊರಗಿನವುಗಳಲ್ಲಿ ಮುಖ್ಯವಾದದ್ದು ಮಸ್ಕತ್. ಅಲ್ಲಿನ ಆಡಳಿತಗಾರರೊಂದಿಗೆ ಟಿಪ್ಪು ಒಳ್ಳೆಯ ಸಂಬಂಧ ಇಟ್ಟುಕೊಂಡು, ಮೈಸೂರಿನ ಸರಕಿಗೆ ಇತರರಿಗಿಂತ ಕಡಿಮೆ ಸುಂಕದ ರಿಯಾಯಿತಿ ಪಡೆದಿದ್ದರು. ಕಛ್‌ನಲ್ಲೂ ಕೋಠಿ ಇತ್ತು. ಮಸ್ಕತ್‌ನಲ್ಲಿ ಅವರ ಪರವಾಗಿ ದಲ್ಲಾಳಿ ಕೆಲಸ ನೋಡುತ್ತಿದ್ದವನು ಮಾವ್ ಸೇಠ್ ಎಂಬ ಹಿಂದೂ ವರ್ತಕ. ವ್ಯಾಪಾರದಲ್ಲಿ ಸುಲ್ತಾನರು ನೋಡಿದ್ದು ವಿಶ್ವಾಸ ಮತ್ತು ಅನುಭವವನ್ನು. ಇಲ್ಲಿಂದ ಅಕ್ಕಿ, ಮೆಣಸು, ಗಂಧ, ಏಲಕ್ಕಿ ಹೋಗುತ್ತಿತ್ತು. ಅಲ್ಲಿಂದ ಗಂಧಕ, ತಾಮ್ರ, ಸೀಸ, ಕುದುರೆ, ಖರ್ಜೂರದ ಸಸಿಗಳು ಬರುತ್ತಿದ್ದವು. ರೇಷ್ಮೆ ಹುಳುಗಳನ್ನು ತರಿಸಲೂ ಅವರು ಬಂಗಾಳಕ್ಕೂ ಮಸ್ಕತ್‌ಗೂ ಜನರನ್ನು ಕಳುಹಿಸಿದರು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿದವರಿಗೆ ಆ ಪ್ರಯತ್ನ ಎಲ್ಲಿಗೆ ಮುಟ್ಟಿತು ಎಂಬುದು ಗೊತ್ತಿದೆ.

ಈ ವಿವರಗಳು ನಮಗೆ ಗೊತ್ತಾಗಿರುವುದು ಸುಲ್ತಾನರ ಫಾರಸಿ ಪತ್ರಗಳಿಂದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲಿಷರ ಕೈಸೇರಿದವು. ಅವುಗಳಲ್ಲಿ ಆಯ್ದ ಕೆಲವನ್ನು ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಎಂಬ ಸೇನಾಧಿಕಾರಿ ಅನುವಾದಿಸಿ 1811ರಲ್ಲಿ ಪ್ರಕಟಿಸಿದ. ಅನುವಾದಕ ಸುಲ್ತಾನರ ವೈರಿ ಪಕ್ಷದವನು, ಅಡಿಗಡಿಗೆ ತನ್ನ ಟೀಕೆ ಸೇರಿಸಿದ್ದಾನೆ. ಆದರೂ ಪತ್ರಗಳಲ್ಲಿ ಕಾಣುವ ಮನುಷ್ಯ ಚಿಕ್ಕ ಚಿಕ್ಕ ಲೆಕ್ಕವನ್ನೂ ಬಿಡದ ವರ್ತಕ. ಉರ್ದು ಓದುವ ನಮ್ಮ ಹುಡುಗರು ಮುಂದೆ ಫಾರಸಿ ಕಲಿತು ಇಂಥ ಕಾಗದಗಳನ್ನು ನೇರವಾಗಿ ಓದುವಂತಾಗಬೇಕು ಎಂಬುದು ನನ್ನ ಬಹುದಿನದ ಆಸೆ. ಇರಲಿ.

ಆ ನಿಯಮಾವಳಿಯಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು ಪ್ರಜೆಗಳ ಠೇವಣಿಯ ಏರ್ಪಾಡು. ಸಾಮಾನ್ಯ ಜನರು ಸರಕಾರಿ ವ್ಯಾಪಾರದಲ್ಲಿ ಹಣ ತೊಡಗಿಸಬಹುದಿತ್ತು. 500 ರೂಪಾಯಿಯವರೆಗೆ ಹಾಕಿದವನಿಗೆ ವರ್ಷದ ಕೊನೆಗೆ ರೂಪಾಯಿಗೆ ಎಂಟಾಣೆಯಂತೆ, ಅಂದರೆ ಶೇಕಡಾ 50 ಲಾಭ. 500ರಿಂದ 5,000ದವರೆಗೆ ಹಾಕಿದವನಿಗೆ ಶೇಕಡಾ 25. ಅದಕ್ಕೂ ಮೇಲೆ ಹಾಕಿದ ಧನಿಕನಿಗೆ ಶೇಕಡಾ 12 ಮಾತ್ರ. ಇಂದಿನ ಯಾವ ಬ್ಯಾಂಕಾದರೂ ಬಡವನ ಸಣ್ಣ ಠೇವಣಿಗೆ ಹೆಚ್ಚು, ಸಾಹುಕಾರನ ದೊಡ್ಡ ಠೇವಣಿಗೆ ಕಡಿಮೆ ಕೊಟ್ಟದ್ದನ್ನು ಕೇಳಿದ್ದೀರಾ? ಇದನ್ನು ತರಗತಿಯಲ್ಲಿ ಹೇಳಿದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಲಾಭ ಮೊದಲೇ ನಿಗದಿಯಾಗಿದ್ದರೆ ಅದು ಬಡ್ಡಿಯಲ್ಲವೇ ಎಂದು ಕೇಳಿದಳು. ನಿಯಮಾವಳಿ ಅದನ್ನು ಲಾಭವೆಂದೇ ಕರೆಯುತ್ತದೆ. ಅವಳ ಪ್ರಶ್ನೆ ಮಾತ್ರ ಸರಿಯಾಗಿಯೇ ಇದೆ, ಉತ್ತರವನ್ನು ಉಲಮಾಗಳಿಂದ ಕೇಳಿ ತಿಳಿಯುವುದು ಒಳಿತು. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಶೇಕಡಾ 50 ಕೊಡಬೇಕಾದರೆ ವ್ಯಾಪಾರದಲ್ಲಿ ಅದಕ್ಕಿಂತ ಹೆಚ್ಚು ಉಳಿಯಬೇಕು. ಅಷ್ಟು ಉಳಿಯುವುದು ಎಲ್ಲಿಂದ? ಅದಕ್ಕೆ ಆಮೇಲೆ ಬರೋಣ.

ಅದಕ್ಕೆ ಮೊದಲು ತದಡಿಯ ಬಂದರಿನ ಕಥೆ ಹೇಳಲೇಬೇಕು. ಗೋಕರ್ಣದ ಹತ್ತಿರ ಅಘನಾಶಿನಿ ಸಮುದ್ರ ಸೇರುವಲ್ಲಿ, ಅಂಕೋಲೆಯಿಂದ ಬಹಳ ದೂರವಲ್ಲದ ಆ ಪುಟ್ಟ ಬಂದರಿನಿಂದ 1786ರ ಮಾರ್ಚ್‌ನಲ್ಲಿ ಟಿಪ್ಪು ಅವರ ನಾಲ್ಕು ಹಡಗುಗಳು ಲಂಗರು ಎತ್ತಿದವು. ಗುಲಾಂ ಅಲಿ ಖಾನ್ ನೇತೃತ್ವದ ನಿಯೋಗ, ಹೋಗಬೇಕಾದದ್ದು ಉಸ್ಮಾನಿಯಾ ಸುಲ್ತಾನರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಇಂದಿನ ಇಸ್ತಾಂಬುಲ್‌ಗೆ. ಜನ ಒಂಬೈನೂರರಷ್ಟು. ಜೊತೆಗೆ ಬಟ್ಟೆ, ಗಂಧ, ಸಾಂಬಾರ ಪದಾರ್ಥಗಳ ಹೇರು. ದಾರಿಯಲ್ಲಿ ಅವನ್ನು ಮಾರಿ ಖರ್ಚು ನಿಭಾಯಿಸಬೇಕು, ಎಲ್ಲೆಲ್ಲಿ ಏನೇನಕ್ಕೆ ಬೆಲೆ ಇದೆ ಎಂದು ಬರೆದುಕೊಳ್ಳಬೇಕು ಎಂಬ ಉದ್ದೇಶ. ನಿಯೋಗದಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಎಂಬ ಗುಮಾಸ್ತರು ದಿನಚರಿಯನ್ನೂ ಬರೆದಿಟ್ಟರು. ಬಸ್ರಾದಲ್ಲಿ ಮೈಸೂರಿಗೆ ವ್ಯಾಪಾರದ ನೆಲೆ, ಬದಲಿಗೆ ಉಸ್ಮಾನಿಯರಿಗೆ ಮಂಗಳೂರಿನಲ್ಲಿ ನೆಲೆ, ಇದು ಟಿಪ್ಪು ಮುಂದಿಟ್ಟ ಪ್ರಸ್ತಾಪಗಳಲ್ಲಿ ಒಂದು. ಕೈಗೂಡಲಿಲ್ಲ. ರಷ್ಯಾದೊಂದಿಗೆ ಯುದ್ಧದ ಹೊಸ್ತಿಲಲ್ಲಿದ್ದ ಉಸ್ಮಾನಿಯರಿಗೆ ಆಗ ಇಂಗ್ಲಿಷರ ಸ್ನೇಹ ಬೇಕಾಗಿತ್ತು. ಹಡಗುಗಳಲ್ಲಿ ಕೆಲವು ದಾರಿಯಲ್ಲೇ ನಾಶವಾದವು, ರೋಗರುಜಿನಕ್ಕೆ ಜನ ಬಲಿಯಾದರು, ಊರಿಗೆ ಮರಳಿದವರು ಹೊರಟವರಲ್ಲಿ ಅಲ್ಪ ಭಾಗ. ಮೀನು ದೋಣಿಗಳು ತುಂಬಿರುವ ಇಂದಿನ ತದಡಿಯಲ್ಲಿ ನಿಂತಾಗ ನನಗೆ ನೆನಪಾಗುವುದು ಆ ಬಾರದೆ ಉಳಿದವರು. ಪರದೇಶಕ್ಕೆ ದುಡಿಯಲು ಹೋದವರ ದಾರಿ ಕಾಯುವುದು ನಮ್ಮ ಕರಾವಳಿಯ ಮನೆಗಳಿಗೆ ಹೊಸದಲ್ಲ.

ಈಗ ಬಿಟ್ಟುಬಂದ ಪ್ರಶ್ನೆಗೆ ಬರೋಣ. ಲಾಭ ಎಲ್ಲಿಂದ? ಒಂದು ಕಲ್ಪಿತ ಲೆಕ್ಕ ಮಾಡಿ. ಒಂದು ಖಂಡಿ ಮೆಣಸಿಗೆ ಬಂದರಿನಲ್ಲಿ ಅರಬ್ಬರು ಒಬ್ಬರು, ಇಂಗ್ಲಿಷರು ಒಬ್ಬರು, ಊರ ವರ್ತಕರು ನಾಲ್ವರು ಪೈಪೋಟಿಯಲ್ಲಿ ಕೇಳಿದರೆ ಬೆಳೆಗಾರನಿಗೆ ನೂರು ಸಿಗುತ್ತದೆ ಎಂದಿಟ್ಟುಕೊಳ್ಳಿ. ಕೊಳ್ಳುವವನು ಸರಕಾರಿ ಕೋಠಿಯೊಂದೇ ಆದಾಗ ಎಪ್ಪತ್ತು ಎಂದರೂ ಬೆಳೆಗಾರ ಒಪ್ಪಲೇಬೇಕು. ಕೋಠಿ ಅದನ್ನು ಮಸ್ಕತ್‌ನಲ್ಲಿ ನೂರೈವತ್ತಕ್ಕೆ ಮಾರಬಹುದು. ಲಾಭದ ಒಂದು ಭಾಗ ಪರದೇಶಿಯ ಜೇಬಿನಿಂದ ಬಂತು, ಅದು ಟಿಪ್ಪು ಬಯಸಿದ್ದೇ. ಇನ್ನೊಂದು ಭಾಗ ಮಾತ್ರ ಸ್ವಂತ ರೈತನ ಜೇಬಿನಿಂದ ಬಂತು. ಕೋಠಿಯ ಹಿಂದಿನ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಮೆಣಸಿನ ಬಳ್ಳಿಯ ಸ್ವಭಾವವೂ ಇಲ್ಲಿ ಸೇರಿಕೊಳ್ಳುತ್ತದೆ. ನೆಟ್ಟು ಮೂರು ನಾಲ್ಕು ವರ್ಷ ಕಾದರೆ ಫಸಲು. ಬೆಲೆ ಕುಸಿದ ಮೊದಲ ವರ್ಷ ಬೆಳೆಗಾರ ಬಳ್ಳಿ ಕೀಳುವುದಿಲ್ಲ, ಆದ್ದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಅವನು ಹೊಸ ಬಳ್ಳಿ ನೆಡುವುದನ್ನು ಬಿಡುತ್ತಾನೆ. ಅದರ ಫಲ ಗೊತ್ತಾಗುವುದು ಹಲವು ವರ್ಷಗಳ ನಂತರ.

ಈ ಅಪಾಯವನ್ನು ನಮ್ಮ ಹಿರಿಯರು ಅರಿಯದವರಲ್ಲ. ಮದೀನಾದಲ್ಲಿ ಬೆಲೆಗಳು ಏರಿದಾಗ ಜನರು ಬಂದು ದರ ನಿಗದಿ ಮಾಡಿಕೊಡುವಂತೆ ಕೇಳಿಕೊಂಡರೂ ಪ್ರವಾದಿ ಮುಹಮ್ಮದ್ (ಸ) ಅವರು ಹಾಗೆ ಮಾಡಲಿಲ್ಲ. ಯಾರ ಸೊತ್ತಿನ ವಿಷಯದಲ್ಲೂ ಅನ್ಯಾಯದ ಹೊಣೆ ತಮ್ಮ ಮೇಲೆ ಇರಬಾರದೆಂಬ ಭಾವ ಅದರಲ್ಲಿತ್ತು. ಅದೇ ಸಮಯ, ಬೆಲೆ ಏರಲೆಂದು ಧಾನ್ಯ ಕೂಡಿಡುವವನನ್ನು ಅವರು ತಪ್ಪಿತಸ್ಥನೆಂದರು. 1377ರಲ್ಲಿ ತನ್ನ ಮುಕದ್ದಿಮಾ ಬರೆದ ಟ್ಯುನಿಸಿನ ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋಗಿ, ಅರಸನೇ ವ್ಯಾಪಾರಕ್ಕೆ ಇಳಿದರೆ ಪ್ರಜೆಗಳಿಗೂ ಹಾನಿ, ಕೊನೆಗೆ ಬೊಕ್ಕಸಕ್ಕೂ ಹಾನಿ ಎಂದು ಒಂದು ಅಧ್ಯಾಯವನ್ನೇ ಬರೆದರು. ಅರಸನೊಂದಿಗೆ ಯಾವ ವರ್ತಕ ಪೈಪೋಟಿ ಮಾಡಿಯಾನು? ವರ್ತಕರು ಅಂಗಡಿ ಮುಚ್ಚುತ್ತಾರೆ, ಅವರು ಕೊಡುತ್ತಿದ್ದ ತೆರಿಗೆ ನಿಲ್ಲುತ್ತದೆ. ಸ್ಮಿತ್ ಹುಟ್ಟುವುದಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲು ಹೇಳಿದ ಮಾತು ಇದು. ನಮ್ಮ ಕಾಲೇಜು ವಿದ್ಯಾರ್ಥಿಗಳು ಬಂಡವಾಳಶಾಹಿ, ಸಮಾಜವಾದ, ಮಿಶ್ರ ಆರ್ಥಿಕತೆ ಎಂದು ನೋಟ್ಸ್ ಬರೆಯುವಾಗ ಖಲ್ದೂನರ ಹೆಸರು ಬರುವುದೇ ಇಲ್ಲ. ಅದು ನನಗೆ ಬೇಸರದ ವಿಷಯ.

ಹಾಗಾದರೆ ಟಿಪ್ಪು ಸುಲ್ತಾನರು ತಪ್ಪು ಮಾಡಿದರೇ? ಅವರನ್ನು ಗೌರವಿಸುವ ನಮಗೆ ಈ ಪ್ರಶ್ನೆ ಸ್ವಲ್ಪ ಚುಚ್ಚುತ್ತದೆ. ನನ್ನ ಅಭಿಪ್ರಾಯ ಹೀಗಿದೆ. ಎದುರಿಗೆ ಮುಕ್ತ ಮಾರುಕಟ್ಟೆ ಇದ್ದಿದ್ದರೆ ಖಲ್ದೂನರ ಮಾತು ಪೂರ್ಣವಾಗಿ ಅನ್ವಯಿಸುತ್ತಿತ್ತು. ಟಿಪ್ಪುವಿನ ಎದುರಿಗಿದ್ದದ್ದು ತೋಪು ಹೊತ್ತ ಕಂಪನಿ. ಬಿಡಿ ಬಿಡಿಯಾದ ಊರ ವರ್ತಕರು ಅದರ ಮುಂದೆ ನಿಲ್ಲಲಾರರು. ಒಬ್ಬನೇ ಕೊಳ್ಳುವವನ ಎದುರು ಒಬ್ಬನೇ ಮಾರುವವನನ್ನು ನಿಲ್ಲಿಸುವುದು ಅವರ ತಂತ್ರ. ಅದಕ್ಕೆಂದೇ 1780ರ ದಶಕದಲ್ಲಿ ತಮ್ಮ ಬಂದರುಗಳಿಂದ ಇಂಗ್ಲಿಷರಿಗೆ ಮೆಣಸು, ಗಂಧ, ಏಲಕ್ಕಿ ಹೋಗದಂತೆ ತಡೆದರು. ತಲಶ್ಶೇರಿಯ ಇಂಗ್ಲಿಷ್ ಕೋಠಿಗೆ ಇದರ ಬಿಸಿ ತಟ್ಟಿತು. ಆದರೆ ಬೆಲೆಯ ನಿಯಮಕ್ಕೆ ಅರಸ, ಬಂಟ ಎಂಬ ಭೇದವಿಲ್ಲ. ಒಂದು ಕಡೆ ಅಗ್ಗ, ಬೇಲಿಯಾಚೆ ತುಟ್ಟಿ ಎಂದಾದಾಗ ಸರಕು ರಾತ್ರಿಯಲ್ಲಿ ಬೇಲಿ ದಾಟುತ್ತದೆ. ಕಳ್ಳಸಾಗಣೆ ನಡೆಯಿತು. ಕಂಪನಿಗೆ ಸುಮಾತ್ರಾದ ಬೆಂಕೂಲೆನ್‌ನಲ್ಲಿ ಮೆಣಸಿನ ಇನ್ನೊಂದು ಮೂಲವೂ ಇತ್ತು. ಮೆಣಸನ್ನು ತಡೆಹಿಡಿದು ಅದನ್ನು ಮಣಿಸುವುದು ಸಾಧ್ಯವಿರಲಿಲ್ಲ.

1790ರಲ್ಲಿ ಮೂರನೆಯ ಯುದ್ಧ ಬಂತು. 1792ರ ಮಾರ್ಚ್‌ನ ಶ್ರೀರಂಗಪಟ್ಟಣದ ಒಪ್ಪಂದದಂತೆ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಒತ್ತೆಯಾಗಿ ಇಬ್ಬರು ಚಿಕ್ಕ ಗಂಡುಮಕ್ಕಳು. ಮಕ್ಕಳನ್ನು ಒತ್ತೆಯಿಟ್ಟ ದುಃಖವನ್ನು ನಾವು ಭಾಷಣಗಳಲ್ಲಿ ವರ್ಣಿಸುತ್ತೇವೆ, ಒಪ್ಪಂದದ ಇನ್ನೊಂದು ಏಟನ್ನು ಗಮನಿಸುವುದಿಲ್ಲ. ಮಲಬಾರ್ ಕಂಪನಿಯ ಪಾಲಾಯಿತು, ಮೆಣಸಿನ ದೊಡ್ಡ ತೋಟ ಕೈತಪ್ಪಿತು. ಉಳಿದದ್ದು ಕೆನರಾ ಕರಾವಳಿ. ಆದರೆ ಗಂಧದ ಕಾಡು ಇನ್ನೂ ಕೈಯಲ್ಲಿತ್ತು. ಅದೇ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಲಾಯಿತು. ಗಮನಿಸಿ, ಮೆಣಸು ಬೇರೆಡೆಯೂ ಬೆಳೆಯುತ್ತದೆ, ಮೈಸೂರಿನ ಗಂಧದಂಥ ಗಂಧ ಹಾಗಲ್ಲ. ಬದಲಿ ಸಿಗದ ವಸ್ತುವಿನಲ್ಲಿ ಮಾತ್ರ ಏಕಸ್ವಾಮ್ಯಕ್ಕೆ ಹಲ್ಲು ಇರುತ್ತದೆ. ಸುಲ್ತಾನರು ಈ ವ್ಯತ್ಯಾಸವನ್ನು ಅರಿತೇ ಗಂಧವನ್ನು ಬಿಗಿಯಾಗಿ ಹಿಡಿದರೆಂದು ನನಗನಿಸುತ್ತದೆ.

ಲಾಭವೇ ಅವರ ಏಕೈಕ ಅಳತೆಯಾಗಿರಲಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಶರಾಬು ಯಾವ ಸರಕಾರಕ್ಕೂ ಸುಲಭದ ಆದಾಯ. ಬೇಡಿಕೆ ಕುಗ್ಗದ ವಸ್ತು, ತೆರಿಗೆ ಏರಿಸಿದರೂ ಕುಡಿಯುವವನು ಕುಡಿಯುತ್ತಾನೆ. ಟಿಪ್ಪು ಆ ಆದಾಯವನ್ನು ಬಿಟ್ಟುಕೊಟ್ಟು ಪಾನನಿಷೇಧ ತಂದರು. ಬೊಕ್ಕಸಕ್ಕೆ ಆಗುವ ನಷ್ಟ ತಿಳಿದೇ ತಂದರು. ಇಂದಿನ ಸರಕಾರಗಳ ಬಜೆಟ್ಟಿನಲ್ಲಿ ಅಬಕಾರಿಯ ಸಾಲು ನೋಡಿದವರಿಗೆ ಆ ನಿರ್ಧಾರದ ತೂಕ ಗೊತ್ತಾಗುತ್ತದೆ.

ಕೊನೆಯ ವರ್ಷಗಳಲ್ಲಿ ಅವರ ಕಣ್ಣು ಸಮುದ್ರದ ಮೇಲಿತ್ತು. ಸರಕು ನಮ್ಮದಾದರೂ ಹಡಗು ಪರರದ್ದಾದರೆ ಬೆಲೆ ಹಡಗಿನವನ ಕೈಯಲ್ಲಿ ಎಂಬುದು ಅವರಿಗೆ ಮನವರಿಕೆಯಾಗಿತ್ತು. 1796ರಲ್ಲಿ ನಲವತ್ತರಷ್ಟು ಯುದ್ಧನೌಕೆಗಳ ಯೋಜನೆ ಹಾಕಿ, ಅವನ್ನು ಮೂರು ಕಚೇರಿಗಳಿಗೆ ಹಂಚಿದರು. ಒಂದು ಮಂಗಳೂರಿನ ಜಮಾಲಾಬಾದ್, ಇನ್ನೊಂದು ಮಿರ್ಜಾನಿನ ಕಡೆಯ ವಾಜಿದಾಬಾದ್, ಮೂರನೆಯದು ಮಜೀದಾಬಾದ್. ಈ ಮಜೀದಾಬಾದ್ ಬೇರೆ ಯಾವುದೂ ಅಲ್ಲ, ನಮ್ಮ ಸದಾಶಿವಗಡವೇ. ಹಡಗುಗಳು ಪೂರ್ಣವಾಗುವ ಮೊದಲೇ ನಾಲ್ಕನೆಯ ಯುದ್ಧ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಸುಲ್ತಾನರು ಶಹೀದರಾದರು. ಕಾಳಿ ನದಿಯ ಈಚೆ ದಡದಿಂದ ಅಂಕೋಲೆಯ ದಾರಿಯಲ್ಲಿ ಸಾಗಿದರೆ ಅರ್ಗಾದಲ್ಲಿ ಇಂದು ಭಾರತೀಯ ನೌಕಾಪಡೆಯ ಕದಂಬ ನೆಲೆ ಸಿಗುತ್ತದೆ, 2005ರಲ್ಲಿ ಕಾರ್ಯಾರಂಭ ಮಾಡಿದ್ದು. ಅದರ ಮುಂದೆ ಬಸ್ಸು ಹಾದುಹೋಗುವಾಗಲೆಲ್ಲ ನನಗೆ ಮಜೀದಾಬಾದ್ ಎಂಬ ಮರೆತ ಹೆಸರು ನೆನಪಿಗೆ ಬರುತ್ತದೆ.

ಅವರು ಹೋದ ಮೇಲೆ ಕೆನರಾ ಕಂಪನಿಯ ವಶವಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯಂತೆ ಈ ದಾರಿಯಲ್ಲಿ ಬಂದ. ಒಂದು ಕಾಲಕ್ಕೆ ಯುರೋಪಿಯನ್ನರ ವ್ಯಾಪಾರದಿಂದ ಹೆಸರಾಗಿದ್ದ ಕಾರವಾರ ಸುಲ್ತಾನರ ಕಾಲದಲ್ಲಿ ಪೂರ್ತಿ ಹಾಳಾಗಿತ್ತೆಂದು ಅವನು ಬರೆದ. ಯುರೋಪಿಯನ್ನರು ಬರಬಾರದೆಂದು ಸಮುದ್ರದ ಹತ್ತಿರದ ಮೆಣಸಿನ ಬಳ್ಳಿಗಳನ್ನೇ ಕಡಿಸಿದ್ದರೆಂದೂ ಬರೆದ. ಅವನು ಗೆದ್ದವರ ನೌಕರ, ಸೋತವರ ಬಗ್ಗೆ ಕೆಟ್ಟದ್ದು ಕೇಳಿದರೆ ಬೇಗ ನಂಬುವವನು. ಕಾರವಾರದ ಇಂಗ್ಲಿಷ್ ಕೋಠಿ ಟಿಪ್ಪು ಹುಟ್ಟುವುದಕ್ಕೆ ಮೊದಲೇ, 1720ರಲ್ಲೇ ಒಮ್ಮೆ ಮುಚ್ಚಿತ್ತು ಎಂಬುದನ್ನೂ ನಾವು ಮರೆಯಬಾರದು. ಇಷ್ಟೆಲ್ಲ ಹೇಳಿದ ಮೇಲೂ, ಸರಕಾರಿ ಕೋಠಿ ಬಂದಲ್ಲಿ ಊರ ವರ್ತಕ ಬಡವಾದ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆ ವರ್ತಕರಲ್ಲಿ ನಮ್ಮ ನವಾಯತರು, ಕೊಂಕಣಿಗರು, ಸಾರಸ್ವತರು ಎಲ್ಲರೂ ಇದ್ದಿರಲೇಬೇಕು.

ಗೆದ್ದವರು ಬಾಗಿಲು ತೆರೆದರೇ? ಕೆಲವೇ ವರ್ಷಗಳಲ್ಲಿ ಮದರಾಸು ಸರಕಾರ ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು, ಕೆನರಾದಲ್ಲಿ ತಂಬಾಕನ್ನೂ ಸೇರಿಸಿತು. ಮೆಣಸಿನ ಕೋಠಿಗೆ ಟಿಪ್ಪುವನ್ನು ಬೈದವರು ಬಡವನ ಗಂಜಿಯ ಉಪ್ಪಿಗೆ ಬೀಗ ಹಾಕಿದರು. ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲು ಪುಕ್ಕಟೆ, ಸಮುದ್ರದ ನೀರು ಪುಕ್ಕಟೆ. ಉಪ್ಪು ಮಾತ್ರ ಸರಕಾರ ಹೇಳಿದ ಬೆಲೆಗೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಕಾನೂನು ಮುರಿದು ಉಪ್ಪು ತಯಾರಿಸಿದ್ದು ಆ ಬೆಲೆಯ ವಿರುದ್ಧವೂ ಹೌದು.

ಗಂಧದ ಕಥೆ ಇನ್ನೂ ಉದ್ದವಾಯಿತು. ಸುಲ್ತಾನರ ರಾಜವೃಕ್ಷ ಮೈಸೂರು ಅರಸರ ಕಾಲದಲ್ಲೂ, ಸ್ವಾತಂತ್ರ್ಯದ ನಂತರವೂ ಸರಕಾರದ್ದಾಗಿಯೇ ಉಳಿಯಿತು. ರೈತನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯೂ ರೈತನದ್ದಲ್ಲ. ಕಾಯುವ ಹೊಣೆ ಅವನಿಗೆ, ಮರ ಸರಕಾರಕ್ಕೆ. ಹಾಗಿರುವಾಗ ಯಾರು ನೆಟ್ಟಾರು? ಸಸಿ ಕಂಡರೆ ಕಿತ್ತೆಸೆಯುವುದೇ ಕ್ಷೇಮವೆಂದು ಬಗೆದವರು ಎಷ್ಟೋ. ಕಾಡಿನಲ್ಲಿ ಕಳ್ಳರು, ಹೊಲದಲ್ಲಿ ಭಯ, ಮಾರುಕಟ್ಟೆಯಲ್ಲಿ ಗಂಧಕ್ಕೆ ಬರ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ತನ್ನ ಜಮೀನಿನಲ್ಲಿ ಬೆಳೆದ ಗಂಧದ ಮರಕ್ಕೆ ಭೂಮಾಲಿಕನೇ ಒಡೆಯನಾದ. ಗಂಧದ ಸಸಿಗಳನ್ನು ಈಗ ನರ್ಸರಿಗಳಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ. ಸಸಿ ನೆಟ್ಟ ರೈತ ತಿರುಳು ಬಲಿಯಲು ಹದಿನೈದೋ ಇಪ್ಪತ್ತೋ ವರ್ಷ ಕಾಯಬೇಕು. ಆಗ ಬೆಲೆ ಎಷ್ಟಿರುತ್ತದೆಂದು ಅವನಿಗೆ ಇಂದು ಗೊತ್ತಿಲ್ಲ. ಮಸ್ಕತ್‌ಗೆ ಹೇರು ಕಳುಹಿಸಿ ಶ್ರೀರಂಗಪಟ್ಟಣದಲ್ಲಿ ಕಾಯುತ್ತಿದ್ದ ಸುಲ್ತಾನರಿಗೂ ಗೊತ್ತಿರಲಿಲ್ಲ.